ರಸ್ತೆಗೆ ಕಂಡ ಜೋಳ

"ಗಂಡ ಸತ್ತಾಗ ನಿನ್ನ ಕಣ್ಣೂ ಹೋದವೇನ ರಂಡೇ? ಇಷ್ಟ್ ದಪ್ಪ ತೆನಿ ಕಾಣವಲ್ಲದೇನು?"

ತೆರಿಗೆಯ ಅಂದಾಜು ಮಾಡುವವನು ಜೀಪಿನಿಂದ ಇಳಿಯಲಿಲ್ಲ. ಕಿಟಕಿಯಿಂದ ಕೈಚಾಚಿ, ರಸ್ತೆ ಬದಿಯ ಜೋಳದ ತೆನೆಯೊಂದನ್ನು ಮುರಿದು ಕಲ್ತೂಮಳ ಮುಖಕ್ಕೆ ಹಿಡಿದ.

"ಇದು ರಸ್ತಿ ಮಗ್ಗಲಿಂದು ಸಾಹೇಬ್ರ. ಗಾಡಿ ಸಪ್ಪಳಕ್ಕ ಇಲ್ಲಿ ಹಕ್ಕಿ ಇಳಿಯಂಗಿಲ್ಲ. ಒಳಗ ಬಂದು ನೋಡ್ರಿ, ಹಕ್ಕಿ ತಿಂದು ಬರೀ ದಂಟು ನಿಂತಾವ."

"ಬಿಸಿಲಾಗ ನಿನ್ನ ಹಿಂದ ಅಡ್ಡಾಡಾಕ ನಾ ಏನ್ ನಿನ್ನ ಮಿಂಡನೇನು?"

ಡ್ರೈವರ್ ನಕ್ಕ.

"ದೇವರ ಪಾಲಿನ ತೆರಿಗಿ ಹತ್ತು ಚೀಲ. ಹಸನ ಮಾಡಿ ಉಮ್ದಾನ ಅಂಗಳಕ್ಕ ಹಾಕು."

ಹೊಲ ಪೂರಾ ಬಡಿದರೂ ಹತ್ತು ಚೀಲ ಆಗುವುದು ಕಷ್ಟವಿತ್ತು. ಅದರಲ್ಲಿ ಅರ್ಧ ಪಾಲು ಹೊಲದ ಒಡೆಯನಿಗೆ. ಊರಿನ ಮುಖ್ಯಸ್ಥ, ಉಮ್ದಾ ಬಾಬಿಕಿರನೇ ಆ ಒಡೆಯ.

ಕಲ್ತೂಮ ಹೋದಾಗ ಉಮ್ದಾ ಹಗ್ಗದ ಮಂಚದ ಮೇಲೆ ಕೂತು ಮಾಂಸ ತಿನ್ನುತ್ತಿದ್ದ. ಅವಳಿಗೆ ಕೂರು ಎನ್ನಲಿಲ್ಲ.

"ಅಂದಾಜು ಆತಂದ್ರ ಆತು. ಹಕ್ಕಿ ತಿಂದ್ರೂ ನಿನ್ನ ಕರ್ಮ, ಇಲಿ ತಿಂದ್ರೂ ನಿನ್ನ ಕರ್ಮ."

"ಹಂಗಾದ್ರ ನಿಮ್ಮ ಅರ್ಧಾನಾರ ಈ ವರ್ಷ ಬಿಡ್ರಿ. ಎರಡು ಕೂಸು ಅದಾವ."

"ಹಕ್ಕೀನ ನಾ ಕಳಿಸಿದ್ನೇನು?" ಎಲುಬನ್ನು ನಾಯಿಗೆ ಎಸೆದ. "ಕೂಸುಗಳನ್ನ ನಿಮ್ಮಕ್ಕನ ಮನಿಗೆ ದೂಡಿ ನನ್ನ ಅಡಿಗಿ ಮನಿಗೆ ಬಾ. ಹೊಟ್ಟಿ ತುಂಬತೈತಿ. ರಾತ್ರಿ ನನ್ನ ಕಾಲೂ ಒತ್ತುವಿಯಂತ."

ಅಂಗಳದಲ್ಲಿದ್ದ ಗಂಡಸರು ಬಾಯಿ ಒರೆಸಿಕೊಂಡು ನಕ್ಕರು. ಕಲ್ತೂಮ ತಿರುಗಿ ಹೊರಟಳು. ಮನೆಗೆ ಹೋಗಲಿಲ್ಲ.

ಹೊಲಗಳ ಗಡಿಯಾಚೆ ಅಲೆಮಾರಿ ಕುರಿಗಾರರು ಬೀಡುಬಿಟ್ಟು ಕಾಯುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಉಮ್ದಾ ನಗಾರಿ ಬಡಿಸುತ್ತಾನೆ, ಮುಳ್ಳುಬೇಲಿ ತೆಗೆಯುತ್ತಾರೆ, ಉಳಿದ ಕೂಳೆ ಮೇಯಲು ಮಂದೆಗಳು ಒಳಗೆ ಬರುತ್ತವೆ. ಅದಕ್ಕೆ ಮುಂಚೆ ಕಾಲಿಟ್ಟರೆ ತಲೆಗಳು ಒಡೆಯುತ್ತವೆ. ಹೋದ ವರ್ಷ ಆ ಕುರಿಗಾರರಲ್ಲೊಬ್ಬನಾದ ಜಿಬ್ರೀನನ ತಮ್ಮನ ಕೈ ಮುರಿದವರು ಕಲ್ತೂಮಳ ಊರಿನವರೇ.

"ಜಿಬ್ರೀನಣ್ಣಾ, ನಿನ್ನ ಕುರೀನ ನನ್ನ ಹೊಲಕ್ಕ ಬಿಡು."

ಅವನು ಉಗಿದ. "ನಗಾರಿ ಎಲ್ಲಿ ಆಗೈತಿ? ನನ್ನ ಕುರಿ ಹಿಡಿಸಾಕ ಕಳಿಸ್ಯಾರೇನವ್ವಾ ನಿನ್ನ?"

"ತೆನಿ ಸಮೇತ ಮೇಯ್ಲಿ. ನನಗ ಹಾಲು ಕರಿಯೋ ಆಡು ಕೊಡು. ಬಿತ್ತಿದಾಕಿ ನಾ. ನಿನ್ನ ಕರಿಯಾಕ ಬಂದಾಕೀನೂ ನಾ."

"ತಲಿ ಕೆಟ್ಟೈತಿ ನಿಂದು. ವರ್ಷದ ಅನ್ನ ಅದು."

"ಯಾರ ಅನ್ನ?"

ಜಿಬ್ರೀನ್ ಎದ್ದು ಕೋಲು ತೆಗೆದುಕೊಂಡ.

ಬೆಳಗ್ಗೆ ಬರಿಗೈಯಲ್ಲೇ ಬೇಲಿ ಎಳೆದುಹಾಕಿದಳು. ಮಂದೆ ನುಗ್ಗಿದ ಸಪ್ಪಳಕ್ಕೆ ಉಮ್ದಾ ಆಳುಗಳೊಂದಿಗೆ ಓಡಿಬಂದ.

"ಹಿಡೀರಲೇ ಆ ಸೂಳೇಮಗನ್ನ."

ಕಲ್ತೂಮ ಬೇಲಿಯ ಕಿಂಡಿಗೆ ಅಡ್ಡ ನಿಂತಳು. "ಅವು ಕದ್ದು ಬಂದಿಲ್ಲ. ಬೀಗರನ್ನ ಕರದಂಗ ಕರದೀನಿ."

"ನನ್ನ ಅರ್ಧ?"

"ಯಾವ ಕಡಿ ಅರ್ಧ ನಿಮ್ದು, ತೋರಸ್ರಿ. ಅಲ್ಲಿ ನಿಧಾನ ಮೇಯ್ರಿ ಅಂತ ಹೇಳ್ತೀನಿ."

ಉಮ್ದಾನ ಕೋಲು ಅವಳ ಹೆಗಲ ಮೇಲೆ ಬಿತ್ತು. ಅವಳು ಸರಿಯಲಿಲ್ಲ. ಇನ್ನೊಂದು ಬಿತ್ತು. ಜಿಬ್ರೀನ್ ತನ್ನ ಕೋಲು ಹಿಡಿದು ಅವಳ ಪಕ್ಕಕ್ಕೆ ಬಂದು ನಿಂತ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರು.

ಪಕ್ಕದ ಹೊಲದಲ್ಲಿ ಜೋಳ ಕೊಯ್ಯುತ್ತಿದ್ದ ಬಾತೂಲ್ ನೆಟ್ಟಗಾದಳು. ಅವಳೂ ಉಮ್ದಾನ ಹೊಲವನ್ನು ಪಾಲಿಗೆ ಮಾಡುವವಳೇ, ಅವಳ ಹೊಲವನ್ನೂ ಜೀಪಿನಿಂದಲೇ ಅಳೆದಿದ್ದರು. ಕುಡಗೋಲು ಕೆಳಗಿಟ್ಟು ತನ್ನ ಬೇಲಿಯ ಹತ್ತಿರ ಬಂದಳು.

"ಬಾತೂಲ್," ಉಮ್ದಾ ಕರೆದ. "ಏ ಬಾತೂಲ್."

ಅವಳು ತಲೆ ಎತ್ತಲಿಲ್ಲ. ಒಂದು ಮುಳ್ಳಿನ ಕೊಂಬೆ ಎಳೆದಳು. ಇನ್ನೊಂದಕ್ಕೆ ಕೈಹಾಕಿದಳು.