ಕೈ ನೋಡಿ ಹೇಳಿ

ಸುಗಟೂರಿನ ಬೈರಮ್ಮನ ಲೆಕ್ಕದಲ್ಲಿ ಸೊಸೆಯ ಕೆಲಸವೆಂದರೆ ಎ.ಸಿ. ರೂಮಿನಲ್ಲಿ ತಣ್ಣಗೆ ಕೂತು ಬರುವುದು. ಶ್ವೇತ ನರಸಾಪುರದ ಒಂದು ಫೋನ್ ಕಂಪನಿಗೆ ಹೋಗುತ್ತಿದ್ದಳು. ಕಂಪನಿ ಬಸ್ಸಿಳಿದು ಬಂದವಳು ಸ್ವಲ್ಪ ಹೊತ್ತು ಅಡ್ಡಾದರೂ, ರೇಷ್ಮೆಹುಳಕ್ಕೆ ಸೊಪ್ಪು ಹೊತ್ತು ತರುವ ಅತ್ತೆಗೆ ಕಣ್ಣುರಿ. ಬಾಯಿಬಿಟ್ಟು ಬೈದವಳಲ್ಲ, ಪಾತ್ರೆಗಳನ್ನು ಮಾತ್ರ ಜೋರಾಗಿ ಇಡುತ್ತಿದ್ದಳು.

ಊರಿನ ಸಮುದಾಯ ಭವನದಲ್ಲಿ ಭಾನುವಾರದ ನೃತ್ಯ ಶಿಬಿರ ಶುರುವಾದಾಗ, ಪಕ್ಕದ ಮನೆಯ ಪರ್ವೀನ್ ಇಬ್ಬರನ್ನೂ ಬಿಡದೆ ಎಳೆದುಕೊಂಡು ಹೋದಳು. ಹೆಜ್ಜೆ ಹಾಕುವುದನ್ನು ಕಲಿಸುತ್ತಾರೆಂದು ಹೆಂಗಸರೆಲ್ಲ ಸೆರಗು ಸಿಕ್ಕಿಸಿ ನಿಂತರೆ, ಕೋಲಾರದಿಂದ ಬಂದಿದ್ದ ಶಿಕ್ಷಕಿ ಮೃದುಲಾ ಬೇರೆಯೇ ಹೇಳಿದಳು. ಒಬ್ಬೊಬ್ಬರೂ ಮುಂದೆ ಬಂದು, ದಿನವೂ ಮಾಡುವ ಕೆಲಸವನ್ನು ಬರಿಗೈಯಲ್ಲಿ ಮಾಡಿ ತೋರಿಸಬೇಕು. ಮಾತಾಡುವಂತಿಲ್ಲ. ಉಳಿದವರು ಅದೇನೆಂದು ಊಹಿಸಬೇಕು.

ಪರ್ವೀನ್ ಇಲ್ಲದ ದಾರವನ್ನು ನಾಲಿಗೆಗೆ ತಾಗಿಸಿ ಇಲ್ಲದ ಸೂಜಿಗೆ ಪೋಣಿಸಿದಳು. ಎಲ್ಲರೂ ಒಟ್ಟಿಗೆ ಹೊಲಿಗೆ ಎಂದರು.

ಆಮೇಲೆ ಶ್ವೇತ ನಿಂತಳು. ಕತ್ತು ಬಗ್ಗಿಸಿ, ಎರಡು ಬೆರಳಲ್ಲಿ ಏನನ್ನೋ ಮೆಲ್ಲಗೆ ಎತ್ತಿದಳು, ಇಟ್ಟಳು, ಮುಂದಕ್ಕೆ ತಳ್ಳಿದಳು. ಮತ್ತೆ ಎತ್ತಿದಳು. ಅಕ್ಕಿ ಆರಿಸುವುದು ಎಂದರು ಒಬ್ಬರು, ಮಣಿ ಪೋಣಿಸುವುದು ಎಂದರು ಇನ್ನೊಬ್ಬರು. ಹಿಂದೆ ಕೂತಿದ್ದ ಬೈರಮ್ಮ ಕತ್ತು ಚಾಚಿ ನೋಡುತ್ತಿದ್ದಳು.

"ಹಣ್ಣಾದ ಹುಳ ಆರಿಸ್ತಾ ಇದ್ದೀಯಲ್ಲೇ. ನಜ್ಜಾಗದಂಗೆ ಎತ್ತಿ ಬಿದಿರಿನ ಚಂದ್ರಿಕೆಗೆ ಬಿಡೋದು, ಗೂಡು ಕಟ್ಟಕ್ಕೆ."

"ಅಲ್ಲ ಅತ್ತೆ, ಫೋನಿಗೆ ಸ್ಕ್ರೂ ಹಾಕ್ತಿದೀನಿ."

ಎಷ್ಟು ದಪ್ಪದ್ದು ಎಂದು ಅತ್ತೆ ಕೇಳಿದಳು. ಸಾಸಿವೆಗಿಂತ ಚಿಕ್ಕದು ಎಂದಳು ಸೊಸೆ.

"ಕೂತ್ಕೊಂಡು ತಾನೇ ಮಾಡೋದು?"

"ನಿಂತ್ಕೊಂಡೇ ಅತ್ತೆ. ಶಿಫ್ಟ್ ಮುಗಿಯೋವರೆಗೂ."

ಹುಳ ಹಣ್ಣಾಗುವ ಒಂದೆರಡು ದಿನ ಆ ಕೆಲಸ ಮಾಡಿದರೆ ಕತ್ತಿನ ಹಿಂಭಾಗ ಹೇಗೆ ಉರಿಯುತ್ತದೆಂದು ಬೈರಮ್ಮನಿಗೆ ಗೊತ್ತಿತ್ತು. ಇವಳಿಗೆ ಅದು ವರ್ಷವಿಡೀ.

ಎದ್ದು ಬಂದು ಸೊಸೆಯ ಪಕ್ಕದಲ್ಲಿ ನಿಂತಳು. ಅವಳು ಹುಳ ಎತ್ತಿದಳು, ಶ್ವೇತ ಸ್ಕ್ರೂ ಎತ್ತಿದಳು. ಮೃದುಲಾ ಸ್ಟೂಲಿನ ಮೇಲೆ ತಾಳ ಹಾಕತೊಡಗಿದಳು. ಬರಬರುತ್ತ ನಾಲ್ಕು ಕೈಗಳೂ ಒಂದೇ ಲಯಕ್ಕೆ ಬಂದವು. ಭುಜಗಳು ತೂಗಿದವು, ಕಾಲುಗಳು ತಾವಾಗಿಯೇ ಹೆಜ್ಜೆ ಹಾಕಿದವು. ಪರ್ವೀನ್ ತನ್ನ ಸೂಜಿಯೊಡನೆ ಬಂದು ಸೇರಿಕೊಂಡಳು, ಅವಳ ಹಿಂದೆ ಉಳಿದವರೆಲ್ಲ. ಶ್ವೇತ ಓರೆಗಣ್ಣಲ್ಲಿ ನೋಡಿದಳು. ಅತ್ತೆ ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು. ಆ ಬೆರಳುಗಳ ತುದಿಯಲ್ಲಿ ಹಳದಿ ಹುಳ ಹೊರಳಿದ್ದು ಶ್ವೇತಳಿಗೂ ಕಂಡಂತಾಯಿತು.

ಅಂದು ಸಂಜೆ ಬೈರಮ್ಮ ಎಣ್ಣೆ ಬಿಸಿ ಮಾಡಿ ತಂದು ಸೊಸೆಯ ಕತ್ತಿಗೆ ತಿಕ್ಕಿದಳು.

ಮುಂದಿನ ಭಾನುವಾರ ಬೈರಮ್ಮ ತನ್ನ ಗಂಡ ಚಂದ್ರಮೋಹನನನ್ನೂ ಕರೆದುಕೊಂಡು ಹೋದಳು. ಅವನು ಗತ್ತಿನಿಂದ ಕುಕ್ಕುರುಗಾಲಲ್ಲಿ ಕೂತು ಹಸುವಿನ ಹಾಲು ಕರೆದು ತೋರಿಸಿದ.

"ಹಾಲು ಕರೆಯೋದು ನಾನು," ಅಂದಳು ಬೈರಮ್ಮ. "ನೀವು ಮಾಡೋದನ್ನ ತೋರ್ಸಿ."

ಅವನು ಕೊಂಚ ಯೋಚಿಸಿದ. ಕ್ಯಾನು ಎತ್ತಿಕೊಂಡವನಂತೆ ಡೇರಿಯ ಕಡೆ ನಾಲ್ಕು ಹೆಜ್ಜೆ ನಡೆದ. ದಾರಿಯಲ್ಲಿ ಕ್ಯಾನು ಕೆಳಗಿಟ್ಟು, ಟೀ ಅಂಗಡಿಯ ಬೆಂಚಿನ ಮೇಲೆ ಕಾಲಮೇಲೆ ಕಾಲು ಹಾಕಿ ಕೂತು, ನಿಧಾನವಾಗಿ ಪೇಪರ್ ಬಿಡಿಸಿದ. ಭವನದಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ಶ್ವೇತ.