ಹೂಳುವುದೋ ಸುಡುವುದೋ

ಮಾರಪ್ಪ ಎತ್ತಿದ ಗುದ್ದಲಿಯನ್ನು ಬೀರಲಿಂಗಪ್ಪ ಗಾಳಿಯಲ್ಲೇ ಹಿಡಿದು ನಿಲ್ಲಿಸಿದ. ಮನೆಯ ಹಿಂದಿನ ಹೊಲದಲ್ಲಿ ತೋಡುತ್ತಿದ್ದ ಕುಣಿ ಆಗಷ್ಟೇ ಮೊಣಕಾಲುದ್ದವಾಗಿತ್ತು.

“ಸಾಕು, ಮುಚ್ಚು. ಇವಳನ್ನ ನಮ್ಮವ್ವನ ಪಕ್ಕ ಹೂಳಂಗಿಲ್ಲ. ತಾವಾಗೇ ಜೀವ ಕಳ್ಕೊಂಡೋರನ್ನ ಹೊಳೆದಂಡೇಲಿ ಸುಡೋದು ನಮ್ಮ ಪದ್ಧತಿ.”

“ಆಸ್ಪತ್ರೆಯೋರು ಹಾರ್ಟ್ ನಿಂತೈತೆ ಅಂದ್ರಂತಲ್ಲ ಯಜಮಾನ್ರೆ.”

“ಅವರಿಗೇನು ಗೊತ್ತೈತೆ? ಡಿಬಿಟಿ ಕ್ಲಾಸಿಗೆ ಹೋಗಿದ್ದೋಳು ಇವಳು. ಅಲ್ಲಿಗೆ ಹೋಗೋರೆಲ್ಲ ಸಾಯಾಕೆ ಟಿಕೆಟ್ ತೆಗೆಸಿದೋರೇ.”

ಬೀರಲಿಂಗಪ್ಪ ಬಸವಾಪಟ್ಟಣದಲ್ಲಿ ಕೆಮ್ಮಿದರೆ ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಕೂತವರು ಎದ್ದು ನಿಲ್ಲುತ್ತಾರೆ. ಸತ್ತ ತಂಗಿ ಅಂಬಿಕಾ ಅವನಿಗಿಂತ ಒಂದು ಕೈ ಮೇಲು. ಹಿಂದೆಲ್ಲ ಅವಳಿಗೆ ಸಿಟ್ಟು ಬಂದರೆ ಹೊನ್ನಾಳಿಯಲ್ಲಿ ತುಂಗಭದ್ರೆ ಹಿಮ್ಮುಖ ಹರಿಯುತ್ತಿತ್ತು. ಅಂಥವಳು ನಿನ್ನೆ ಮಧ್ಯಾಹ್ನ ನ್ಯಾಮತಿಯ ತನ್ನ ಹೊಲಿಗೆ ಅಂಗಡಿಯಲ್ಲಿ ಮಿಷನ್ ಮೇಲೆ ತಲೆಯಿಟ್ಟು ಸದ್ದಿಲ್ಲದೆ ಹೋಗಿಬಿಟ್ಟಿದ್ದಳು. ಯಾರದೋ ಲಂಗದ ಅಂಚು ಸೂಜಿಯ ಕೆಳಗೇ ಉಳಿದಿತ್ತು.

ಕಿರಿಯ ತಂಗಿ ಮಮತಾ ಹೆಣದ ಬಳಿಯಿಂದೆದ್ದು ಹೊಲಕ್ಕೆ ಬಂದಳು.

“ಅವ್ವನ ಪಕ್ಕಾನೇ ಮಣ್ಣಾಗಬೇಕು ಅಂತ ಅಕ್ಕ ನನ್ನ ಹತ್ರ ಹೇಳಿದ್ಲು. ಸುಡಾಕೆ ಬಿಡಲ್ಲ ನಾನು.”

“ನೀನ್ಯಾರೇ ಬಿಡಾಕೆ? ಹೊನ್ನಾಳಿಗೆ ಕೊಟ್ಟ ಹೆಣ್ಣು. ಅತ್ತು ಮುಗಿಸಿ ಬಸ್ ಹತ್ತು.”

“ಅವಳನ್ನ ಆ ಕ್ಲಾಸಿಗೆ ಸೇರಿಸಿದೋನು ನೀನೇ ಅಲ್ವಾ ಅಣ್ಣಾ?”

ಬೀರಲಿಂಗಪ್ಪ ಪಕ್ಕಕ್ಕೆ ಉಗುಳಿದ.

*

ಸೇರಿಸಿದವನು ಅವನೇ. ಜಗಳೂರಿನ ಗಂಡ ತಿಪ್ಪೇರುದ್ರನ ಮನೆ ಬಿಟ್ಟು ಬಂದ ವರ್ಷ ಅಂಬಿಕಾ ಸಂಕಟ ಏರಿದಾಗಲೆಲ್ಲ ಬಾಗಿಲು ಹಾಕಿಕೊಂಡು ತನ್ನ ತೋಳನ್ನೇ ಗಾಯ ಮಾಡಿಕೊಳ್ಳುತ್ತಿದ್ದಳು. ದಾವಣಗೆರೆಯಲ್ಲಿ ಸುಚಿತ್ರಾ ಎಂಬಾಕೆ, ಅಂಥ ಸಂಕಟವನ್ನು ಮೈಮೇಲೆ ತೀರಿಸಿಕೊಳ್ಳದೆ ದಾಟುವುದನ್ನೂ, ಕೂಗಾಡದೆ ತನ್ನ ಮಾತು ಹೇಳುವುದನ್ನೂ ಕಲಿಸುವ ಚಿಕಿತ್ಸೆ ನಡೆಸುತ್ತಿದ್ದಳು. ಅದಕ್ಕೆ ಡಿಬಿಟಿ ಅಂತ ಹೆಸರು. ಇಷ್ಟೆಲ್ಲದರಲ್ಲಿ ಬೀರಲಿಂಗಪ್ಪನ ಕಿವಿಗೆ ಹೊಕ್ಕಿದ್ದು ಒಂದೇ ಮಾತು: ಇರುವುದನ್ನು ಇದ್ದ ಹಾಗೆ ಒಪ್ಪಿಕೊಳ್ಳುವುದನ್ನು ಅಲ್ಲಿ ಕಲಿಸುತ್ತಾರಂತೆ. ಕೇಳಿದವನು ಹಿಗ್ಗಿ ಹೀರೇಕಾಯಿಯಾದ. ಒಪ್ಪಿಕೊಂಡರೆ ಗಂಡನ ಮನೆಗೆ ಹೋಗುತ್ತಾಳಲ್ಲ. ವಾರವಾರವೂ ಬೈಕಿನಲ್ಲಿ ಕೂರಿಸಿಕೊಂಡು ಹೋದ. ಆ ಬೈಕು ಸವೆಸಿದ ರಸ್ತೆಯಲ್ಲಿ ಭೂಮಿಗೆ ಎರಡು ಸುತ್ತು ಪಂಚೆ ಉಡಿಸಬಹುದಿತ್ತು.

ಬರಬರುತ್ತಾ ಅಂಬಿಕಾಳ ಕೂಗಾಟ ನಿಂತಿತು. ಸಂಕಟ ಏರಿದರೆ ಐಸ್‌ಕ್ಯಾಂಡಿಯವನಿಂದ ಮಂಜುಗಡ್ಡೆ ತಂದು, ಸಂಕಟ ಇಳಿಯುವವರೆಗೂ ಮುಷ್ಟಿಯಲ್ಲಿ ಹಿಡಿದು ಕೂರುತ್ತಿದ್ದಳು. ಸೋದರತ್ತೆ ಉಚ್ಚಂಗಮ್ಮ ಅದನ್ನು ಮಾಟವೆಂದು ಏಳೂರಿಗೆ ಸಾರಿದಳು.

ತಿಪ್ಪೇರುದ್ರ ಕರೆಯಲು ಬಂದ ದಿನ ಕೇರಿಯ ಕಿಟಕಿಗಳೆಲ್ಲ ತಲೆಗಳಿಂದ ತುಂಬಿಹೋದವು.

“ಗಂಟು ಕಟ್ಟು, ನಡಿ,” ಅಂದ ಬೀರಲಿಂಗಪ್ಪ.

“ಹೋಗಲ್ಲಣ್ಣ.”

“ಒಪ್ಕೋಬೇಕು ಅಂತ ಅಲ್ಲಿ ಹೇಳಿಕೊಟ್ಟಿಲ್ವಾ?”

“ಹೇಳಿಕೊಟ್ಟವ್ರೆ. ಇವರು ಹೊಡೀತಾರೆ ಅನ್ನೋದನ್ನ ಒಪ್ಕೊಂಡೆ. ಇಷ್ಟು ದಿನ ಇವತ್ತು ಬದಲಾಗ್ತಾರೆ, ನಾಳೆ ಬದಲಾಗ್ತಾರೆ ಅಂತ ನನಗೆ ನಾನೇ ಸುಳ್ಳು ಹೇಳ್ಕೊಂಡಿದ್ದೆ. ಅದಕ್ಕೇ ಹೋಗಲ್ಲ.”

ಅರಚಿದ್ದರೆ ಹುಚ್ಚಿ ಅನ್ನಬಹುದಿತ್ತು. ಟೀ ಕುಡೀತೀರಾ ಅಂತ ಕೇಳುವ ದನಿಯಲ್ಲಿ ಹೇಳಿದ್ದಳು. ಆ ಮಾತನ್ನು ಬೀರಲಿಂಗಪ್ಪನಿಗೆ ಇವತ್ತಿನವರೆಗೂ ನುಂಗಲಿಕ್ಕಾಗಿರಲಿಲ್ಲ.

*

ಹೆಣಕ್ಕೆ ನೀರು ಹಾಕುವ ಹೊತ್ತಾಯಿತು. ಹೆಂಗಸರು ಸೀರೆ ಹಿಡಿದು ಮರೆ ಮಾಡಿದರು. ನೀರು ಹಾಕುವ ಹಕ್ಕು ಸೋದರತ್ತೆಯದು. ಉಚ್ಚಂಗಮ್ಮನಿಗೆ ಅಂಬಿಕಾಳ ಮೇಲಿದ್ದ ಹಗೆಯನ್ನು ಗಾಡಿಗೆ ಹೇರಿದ್ದರೆ ಎಳೆಯಲು ನಾಲ್ಕು ಜೋಡಿ ಎತ್ತು ಬೇಕಾಗುತ್ತಿದ್ದವು. ಹೆಣದ ಉದ್ದ ತೋಳಿನ ರವಿಕೆ ಬಿಚ್ಚಿದವಳೇ ಮರೆಯೊಳಗಿಂದ ದನಿ ಎತ್ತಿದಳು.

“ಬೀರಾ, ಕೇಳಿಲ್ಲಿ. ತೋಳ ತುಂಬಾ ಗೀರು ಐತೆ. ನಾನು ಮೊದಲೇ ಹೇಳಿರಲಿಲ್ವಾ?”

“ಎಲ್ರೂ ಕೇಳಿಸ್ಕೊಂಡ್ರಲ್ಲ,” ಅಂದ ಬೀರಲಿಂಗಪ್ಪ ಹೊರಗಿನಿಂದ. “ಮಾರಪ್ಪ, ಮುಚ್ಚು.”

ಮಮತಾ ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಚೊಂಬು ಕೆಳಗಿಟ್ಟಳು.

“ಅತ್ತೆ, ಊರಿನ ಹೆಣ ಎಲ್ಲಾ ತೊಳೆದ ಕೈ ನಿಮ್ಮದು. ಹಸಿ ಗೀರು ಒಂದು ತೋರಿಸ್ರಿ. ಒಂದೇ ಒಂದು. ಸೌದೆ ನಾನೇ ಹೊತ್ಕೊಂಡು ಬರ್ತೀನಿ.”

“ತೋರಿಸ್ತೀನಿ ಕಣೇ. ನಿನ್ನ ಜಂಬ ಇಳೀಲಿ.”

ಉಚ್ಚಂಗಮ್ಮ ಕನ್ನಡಕ ಹಾಕಿಕೊಂಡಳು. ಹೆಗಲಿನಿಂದ ಮಣಿಕಟ್ಟಿನವರೆಗೆ, ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ ಬೆರಳಾಡಿಸಿದಳು. ಕುತ್ತಿಗೆ ನೋಡಿದಳು. ತುಟಿ ಬಿಡಿಸಿ ಮೂಸಿದಳು. ಮತ್ತೆ ತೋಳಿಗೆ ಬಂದಳು. ಗೀರುಗಳೆಲ್ಲ ಬೆಳ್ಳಗೆ, ನುಣ್ಣಗೆ, ಚರ್ಮದಲ್ಲೇ ಕರಗುತ್ತಾ ಬಂದಿದ್ದವು. ಮರೆಯಾಚೆ ಕೋಳಿಗಳೂ ಕಾಳು ಕುಕ್ಕುವುದನ್ನು ಬಿಟ್ಟವು.

“ಏನತ್ತೆ, ಸಿಕ್ತಾ?”

“ಹಳೇವು,” ಅಂದಳು ಉಚ್ಚಂಗಮ್ಮ, ಬೇವಿನ ಕಷಾಯ ಉಗುಳುವಂತೆ. “ಎಲ್ಲಾ ಮಾಗಿದ್ದಾವೆ. ವರ್ಷಗಟ್ಟಲೆ ಆಗೈತೆ.”

“ಸರಿಯಾಗಿ ನೋಡು,” ಅಂದ ಬೀರಲಿಂಗಪ್ಪ ಮರೆಯಾಚೆಯಿಂದ.

“ಪೊರೆ ಬಂದಿದ್ರೆ ಕಣ್ಣಿಗೆ ಬಂದೈತೆ, ಕೈಗೆ ಬಂದಿಲ್ಲ. ಇವಳು ಬಾಯಿಬಡುಕಿ, ಮಾಟಗಾತಿ, ಗಂಡನ್ನ ಬಿಟ್ಟೋಳು. ಆದ್ರೆ ತಾನಾಗೇ ಜೀವ ಕಳ್ಕೊಂಡೋಳಲ್ಲ. ಲೇ ಮಾರಪ್ಪ, ಅಗಿ.”

*

ಬಿಸಿಲು ಇಳಿಯುವ ಮೊದಲೇ ಎತ್ತಿದರು. ಊರು ನೋಡುತ್ತಿದ್ದುದರಿಂದ ತಲೆಯ ಕಡೆ ಬೀರಲಿಂಗಪ್ಪ ಹಿಡಿಯಲೇಬೇಕಾಯಿತು. ಕುಣಿಯ ಅಂಚಿನಲ್ಲಿ ಮಾರಪ್ಪ, “ಒಡಹುಟ್ಟಿದೋರು ಒಳಗಿಳಿದು ತಗೊಳ್ರಿ,” ಅಂದ.

“ನಾನು ಇಳಿಯಲ್ಲ. ಹೊತ್ತಿದ್ದೇ ಹೆಚ್ಚು.”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಮತಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಹೆಂಗಸರು ಕುಣಿಗೆ ಇಳಿಯಂಗಿಲ್ಲ ಕಣೇ,” ಅಂದಳು ಉಚ್ಚಂಗಮ್ಮ.

“ಗೊತ್ತು ಅತ್ತೆ,” ಅನ್ನುತ್ತಲೇ ಮಮತಾ ಇಳಿದೇಬಿಟ್ಟಳು.

ಎದೆಯಾಳದ ಕುಣಿಯಲ್ಲಿ ನಿಂತು ಎರಡೂ ಕೈಗಳನ್ನು ಮೇಲೆ ಚಾಚಿದಳು. ಬೀರಲಿಂಗಪ್ಪ ಆಚೀಚೆ ನೋಡಿದ. ಯಾರೂ ಕದಲಲಿಲ್ಲ. ಹೊತ್ತ ಭಾರ ಅವನ ತೋಳುಗಳನ್ನು ಕೆಳಕ್ಕೆ ಜಗ್ಗುತ್ತಿತ್ತು. ತಂಗಿಯ ತಲೆ ಇಳಿಸಲು ಆ ಎರಡು ಕೈಗಳ ಹೊರತು ಇಡೀ ಸೀಮೆಯಲ್ಲಿ ಬೇರೆ ಜಾಗವಿರಲಿಲ್ಲ.

ಅವನು ಹಸಿ ಮಣ್ಣಿನ ಮೇಲೆ ಮೆಲ್ಲಗೆ ಮೊಣಕಾಲೂರಿದ.