ಕಂದಕದಿಂದ ಬಂದ ಬಹುವಚನ

ನಮ್ಮ ಗುರಿ ಮೈದಾನದಲ್ಲಿ ಎಲ್ಲರೂ ನನ್ನ ಗಂಡನನ್ನು ಬಿಡಣ್ಣ ಎಂದೇ ಕರೆಯುತ್ತಾರೆ. ಅದು ಹೆತ್ತವರು ಇಟ್ಟ ಹೆಸರಲ್ಲ. ಏನೇ ಆಗಲಿ, ಇವರ ಬಾಯಲ್ಲಿ ಬರುವುದು ಒಂದೇ ಮಾತು: ಬಿಡು. ಹಾಲು ಉಕ್ಕಿ ಒಲೆ ಆರಿದರೂ ಬಿಡು, ಬಸ್ಸು ತಪ್ಪಿದರೂ ಬಿಡು, ಸಿಟ್ಟಿನಲ್ಲಿ ನಾನು ತವರಿಗೆ ಹೋಗುತ್ತೇನೆಂದು ಬ್ಯಾಗು ತುಂಬಿದರೂ ಹೋಗ್ಲಿ ಬಿಡು. ಇಂಥವರ ಜೊತೆ ಜಗಳ ಆಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ.

ಮೈದಾನದಲ್ಲಿ ನಾನು ಮೇಲ್ವಿಚಾರಕಿ. ಸ್ಪರ್ಧಿಗಳು ತಗಡಿನ ಚಾವಣಿಯ ಕೆಳಗೆ ಚಾಪೆ ಹಾಸಿ, ಬೋರಲು ಮಲಗಿ ರೈಫಲ್ ಹಿಡಿಯುತ್ತಾರೆ. ನಾನು ಅವರ ಬೆನ್ನ ಹಿಂದೆ ಓಡಾಡಿಕೊಂಡು ಬೈಯುತ್ತಿರುತ್ತೇನೆ. ಮುನ್ನೂರು ಮೀಟರ್ ಆಚೆ ಗುರಿಹಲಗೆಗಳು, ಅವುಗಳ ಬುಡದಲ್ಲಿ ಆಳೆತ್ತರದ ಕಂದಕ. ಇವರ ಕೆಲಸ ಅಲ್ಲಿ. ಹಲಗೆ ಇಳಿಸಬೇಕು, ಗುಂಡು ಬಿದ್ದ ತೂತು ನೋಡಬೇಕು, ಕಾಗದ ಅಂಟಿಸಿ ಮತ್ತೆ ಏರಿಸಬೇಕು. ಕಂದಕದ ಮುಂದೆ ದಪ್ಪ ಗೋಡೆ ಇದೆ. ಅದರ ಮರೆಯಲ್ಲಿ ಇರುವಷ್ಟು ಹೊತ್ತು ಯಾರಿಗೂ ಏನೂ ಆಗುವುದಿಲ್ಲ, ಗುಂಡುಗಳು ತಲೆಯ ಮೇಲಿಂದ ಹೋಗಿ ಹಿಂದಿನ ಮಣ್ಣಿನ ದಿಬ್ಬಕ್ಕೆ ನಾಟುತ್ತವೆ. ಮೇಲೆ ಹತ್ತಿ ನಿಂತವರ ಕಥೆ ಬೇರೆ.

ಗುಂಡು ಹಾರುವ ಮೊದಲು ಕಂದಕದವರು ವಾಕಿಟಾಕಿಯಲ್ಲಿ 'ಕಂದಕ ಭದ್ರವಾಗಿದೆ, ಗುಂಡು ಹಾರಿಸಬಹುದು' ಎಂದು ಹೇಳಬೇಕು. ಅಷ್ಟುದ್ದ ಯಾರು ಹೇಳುತ್ತಾರೆ? ಗೊರಗೊರ ಸದ್ದಿನಲ್ಲಿ ಅರ್ಧ ಕೇಳಿಸುವುದೂ ಇಲ್ಲ. ಹಾಗಾಗಿ ಯಾವ ಕಾಲದಿಂದಲೋ ಬರೀ 'ಬಿಡಿ' ಎನ್ನುವುದು ರೂಢಿಯಾಗಿಬಿಟ್ಟಿದೆ. ಬಿಡಿ ಎಂದರೆ ಗುಂಡು ಬಿಡಿ. ಆ ಮಾತು ಕೇಳಿದ ಕೂಡಲೇ ಸ್ಪರ್ಧಿಗಳು ತೋಟಾ ತುಂಬುತ್ತಾರೆ, ನಾನು ಒಂದು ಉದ್ದ ಸೀಟಿ ಊದುತ್ತೇನೆ, ಆಮೇಲೆ ಗುಂಡು. ಕಂದಕದಲ್ಲಿ ಬೇರೆ ಯಾರಿದ್ದರೂ ನನಗೆ ಬಿಡಿ ಎನ್ನುತ್ತಾರೆ. ನನ್ನ ಗಂಡ ಮಾತ್ರ ಬಿಡು ಎನ್ನುತ್ತಾರೆ.

ಅವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಇದೇ ರಾಮಾಯಣ.

"ಇವತ್ತು ಫೈನಲ್ಲು. ಹೊರಗಿನವರೆಲ್ಲ ಬಂದಿರ್ತಾರೆ. ಕ್ಲಬ್ಬಿನ ಸೆಕ್ರೆಟರಿ ಬೇರೆ ವಾಕಿಟಾಕೀನ ಮೈಕಿಗೆ ಜೋಡಿಸ್ತಾರಂತೆ. ಒಂದು ದಿನ ನನಗೆ ಬಹುವಚನ ಕೊಟ್ರೆ ನಿಮ್ಮ ಗಂಟೇನು ಹೋಗತ್ತೆ?"

ಇವರು ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದರು. "ಬಹುವಚನ ಕೊಡೋಕೆ ನೀನೇನು ನಾಲ್ಕು ಜನಾನಾ?"

"ರೀ!"

"ಆಯ್ತು ಬಿಡು."

"ಬಿಡು ಅಲ್ಲ. ಬಿಡಿ."

"ಆಯ್ತು ಬಿಡು ಅಂದ್ನಲ್ಲ," ಎಂದು ಇನ್ನೊಂದು ಬೂಟಿಗೆ ಕೈ ಹಾಕಿದರು. ನಾನು ಪಾತ್ರೆಯನ್ನು ಬೇಕೆಂದೇ ಸದ್ದು ಮಾಡಿ ಇಟ್ಟೆ.

ಮಧ್ಯಾಹ್ನದ ಹೊತ್ತಿಗೆ ಮಳೆ ಹಿಡಿಯಿತು. ಆಕಾಶಕ್ಕೇ ತೂತು ಬಿದ್ದ ಹಾಗೆ ಸುರಿಯಿತು. ಗುಡುಗು ಕೇಳಿದರೆ ಆ ಕ್ಷಣವೇ ನಿಲ್ಲಿಸುತ್ತೇನೆ ಎಂದು ನಾನು ಮೊದಲೇ ಎಲ್ಲರಿಗೂ ಹೇಳಿದ್ದೆ. ಗುಡುಗಲೇ ಇಲ್ಲ, ಸುಮ್ಮನೆ ಸುರಿಯಿತು. ತಗಡಿನ ಮೇಲೆ ಬೀಳುವ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ಎಂಟನೇ ಚಾಪೆ ಕೊನೆಯಲ್ಲಿದೆ, ಇರಚಲು ಹೊಡೆಯುವುದು ಅಲ್ಲಿಗೇ. ಅಲ್ಲಿ ಮಲಗಿದ್ದ ಹಲ್ಲಿನ ಡಾಕ್ಟರು ತಮ್ಮ ತೋಟಾ ಪೆಟ್ಟಿಗೆಯನ್ನು ಬಾಯಿ ತೆರೆದೇ ಇಟ್ಟಿದ್ದರು.

"ಡಾಕ್ಟ್ರೇ, ಮುಚ್ಚಿಡಿ ಅದನ್ನ. ಒದ್ದೆಯಾದ ತೋಟಾ ನಂಬೋಕಾಗಲ್ಲ," ಎಂದು ಕಿವಿಯ ಹತ್ತಿರ ಬಗ್ಗಿ ಕೂಗಿದೆ. ಕಿವಿಗೆ ಮುಚ್ಚಳ, ಅದರ ಮೇಲೆ ಮಳೆಯಂಗಿಯ ಟೊಪ್ಪಿಗೆ. ಎಲ್ಲರ ಬಾಯಿ ತೆರೆಸುವ ಮನುಷ್ಯ ನಕ್ಕು ತಲೆ ಆಡಿಸಿದರು, ಪೆಟ್ಟಿಗೆಯ ಬಾಯಿ ಮಾತ್ರ ಮುಚ್ಚಲಿಲ್ಲ.

ಕೊನೆಯ ಸುತ್ತಿಗೆ ಮುಂಚೆ ಕಂದಕವನ್ನು ವಿಚಾರಿಸಿದೆ. "ನೀರು ಎಷ್ಟು ನಿಂತಿದೆ?"

ಮೈಕಿನಲ್ಲಿ ಇವರ ದನಿ ಚಾವಣಿ ತುಂಬ ಮೊಳಗಿತು. "ಪಾದ ಮುಳುಗಿದೆ. ಪಂಪು ಓಡ್ತಾ ಇದೆ. ನೀನು ಚಿಂತೆ ಬಿಡು, ಹಲಗೆ ಏರಿಸಿ ಹೇಳ್ತೀನಿ."

ಸಾಲಿನುದ್ದಕ್ಕೂ ನಗು. ನನಗೆ ಮೈಯೆಲ್ಲ ಉರಿಯಿತು. ಎಲ್ಲರೆದುರೇ ವಾಕಿಟಾಕಿ ಒತ್ತಿ "ಬಹುವಚನ!" ಎಂದೆ. ನಗು ಇನ್ನೂ ಜೋರಾಯಿತು.

ಸ್ವಲ್ಪ ಹೊತ್ತಿಗೆ ಹಲಗೆಗಳು ಮೇಲೇರಿದವು. ಮಳೆಯ ಹಿಂದೆ ಎಂಟು ಮಸುಕು ಬಿಳಿ ಚೌಕಗಳು, ಅಷ್ಟೇ. ಕಂದಕದಿಂದ ಮಾತು ಬರಲಿಲ್ಲ. ಕಾದೆವು. ವಾಕಿಟಾಕಿ ಗೊರಗೊರ ಎಂದಿತು, ಏನೋ ಕರ್ರೆಂದಿತು, ಆಮೇಲೆ ಇವರ ದನಿ ಸ್ಪಷ್ಟವಾಗಿ ಕೇಳಿಸಿತು.

"...ಬಿಡಿ! ಬಿಡಿ!"

ಸೆಕ್ರೆಟರಿ ಚಪ್ಪಾಳೆ ತಟ್ಟಿದರು. "ಬಿಡಣ್ಣ ಕೊನೆಗೂ ಮರ್ಯಾದೆ ಕೊಟ್ರಪ್ಪ! ಅದೂ ಎರಡೆರಡು ಸಲ!"

ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಚಾಪೆಗಳ ಮೇಲೆ ತೋಟಾ ತುಂಬುವ ಸದ್ದು ಸಾಲಾಗಿ ಕೇಳಿಸಿತು. ಸೀಟಿಯನ್ನು ತುಟಿಗಿಟ್ಟೆ, ಎದೆ ತುಂಬ ಉಸಿರು ಎಳೆದುಕೊಂಡೆ.

ಆದರೆ ಊದಲಿಲ್ಲ.

ಇವರು ನನ್ನ ಮಾತು ಕೇಳಿದ್ದು ಯಾವಾಗ? ಒದ್ದೆ ಟವೆಲನ್ನು ಮಂಚದ ಮೇಲೆ ಎಸೆಯಬೇಡಿ ಎಂದು ಮದುವೆಯಾದ ವಾರದಿಂದ ಹೇಳುತ್ತಿದ್ದೇನೆ, ಇವತ್ತು ಬೆಳಿಗ್ಗೆಯೂ ಅದು ಅಲ್ಲೇ ಬಿದ್ದಿತ್ತು. ಅಂಥವರು ಬೆಳಿಗ್ಗೆ ಹೇಳಿದ್ದನ್ನು ಮಧ್ಯಾಹ್ನಕ್ಕೆ ನಡೆಸಿಕೊಡುತ್ತಾರೆಯೇ? ಇವರ ಬಾಯಲ್ಲಿ ಬಹುವಚನ ಬಂದಿದೆ ಎಂದರೆ ಅದು ನನಗಲ್ಲ. ಕಂದಕದಲ್ಲಿ ಇವರ ಜೊತೆ ಇರುವುದು ದರ್ಜಿ, ವಯಸ್ಸಾದವರು, ಹಲಗೆಗೆ ಕಾಗದ ಅಂಟಿಸಲು ಬರುತ್ತಾರೆ. ಅವರಿಗೆ ಇವರು ಯಾವತ್ತೂ ಬನ್ನಿ ಹೋಗಿ ಎಂದೇ ಮಾತಾಡುವುದು. ಹಾಗಾದರೆ ದರ್ಜಿಗೆ ಏನನ್ನು ಬಿಡಿ ಅನ್ನುತ್ತಿದ್ದಾರೆ? ಅಷ್ಟು ಗಾಬರಿಯಿಂದ?

ದುರ್ಬೀನು ಕಣ್ಣಿಗೆ ಹಿಡಿದೆ. ಯಾರೇ ಮೇಲೆ ಹತ್ತಿದರೂ ಮೊದಲು ಕಂಬಕ್ಕೆ ಕೆಂಪು ಬಾವುಟ ಏರಿಸಬೇಕು. ಬಾವುಟ ಕಾಣಲಿಲ್ಲ. ಕಂಬವೇ ಸರಿಯಾಗಿ ಕಾಣಲಿಲ್ಲ. ಬರೀ ನೀರು.

ನಿಲ್ಲಿಸಲು ಮೂರು ಗಿಡ್ಡ ಸೀಟಿ. ಊದಿದೆ, ಸೀಟಿ ತೆಗೆದು "ನಿಲ್ಲಿಸಿ!" ಎಂದು ಕಿರುಚಿದೆ. ಏಳು ಜನ ತಲೆ ಎತ್ತಿ ಬೆರಳು ತೆಗೆದರು. ಎಂಟನೇ ಚಾಪೆಯವರಿಗೆ ಆ ಗದ್ದಲದಲ್ಲಿ ಕೇಳಿಸಿದ್ದು ಮೈಕಿನ ಬಿಡಿ, ಆಮೇಲೆ ಸೀಟಿಯ ಒಂದು ಚೂರು. ಅವರ ಬೆರಳು ಮಡಚಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ.

ಗುಂಡು ಹಾರಲಿಲ್ಲ. ಅವರ ಭುಜ ಅಲುಗಲಿಲ್ಲ. ಡಾಕ್ಟರು ಹುಬ್ಬು ಗಂಟಿಕ್ಕಿ, ತೋಟಾ ಹೊರತೆಗೆಯಲು ರೈಫಲ್ಲಿನ ಬೋಲ್ಟಿಗೆ ಕೈ ಚಾಚಿದರು. ನಾನು ಓಡಿಹೋಗಿ ಅವರ ಪಕ್ಕ ಒದ್ದೆ ನೆಲದ ಮೇಲೆ ಬಿದ್ದು ಮಣಿಕಟ್ಟು ಹಿಡಿದುಕೊಂಡೆ. ಕಿವಿಯ ಮುಚ್ಚಳ ಕಿತ್ತೆ.

"ಮುಟ್ಬೇಡಿ! ಒತ್ತಿದ್ರಾ?"

"ಒತ್ತಿದೆ. ಟಕ್ ಅಂತು. ಹಾರ್ಲಿಲ್ಲ."

ಒತ್ತಿದ ಮೇಲೂ ಹಾರದ ತೋಟಾ ಯಾವ ಗಳಿಗೆಯಲ್ಲಿ ಬೇಕಾದರೂ ಸಿಡಿಯಬಹುದು. ಬೋಲ್ಟ್ ತೆರೆದರೆ ಮುಖಕ್ಕೇ ಸಿಡಿದೀತು. ಹಾಗೇ ಹಿಡಿದು, ನಳಿಗೆಯನ್ನು ಗುರಿಹಲಗೆಯ ಕಡೆಗೇ ಇಟ್ಟುಕೊಂಡು ಕಾಯಬೇಕು, ನಿಯಮ ಅದು. ಎಲ್ಲರಿಗೂ ಆ ನಿಯಮ ಬಾಯಿಪಾಠ ಮಾಡಿಸಿದವಳು ನಾನೇ. ಗುರಿಹಲಗೆಯ ಕಡೆ ಎಂದರೆ ಅಪಾಯವಿಲ್ಲದ ಕಡೆ. ಈಗ ಆ ಕಡೆ ನನ್ನ ಗಂಡ ಇದ್ದರು.

ಎಲ್ಲಿದ್ದಾರೆ, ಗೋಡೆಯ ಮರೆಯಲ್ಲೋ ಮೇಲೋ, ಎಡಕ್ಕೋ ಬಲಕ್ಕೋ, ಏನೂ ಗೊತ್ತಿಲ್ಲ. ಡಾಕ್ಟರ ಮುಖ ಸುಣ್ಣದ ಹಾಗಾಗಿತ್ತು. ನಾನು ನಳಿಗೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಕೆಳಗೆ ಒತ್ತಿದೆ. ಚಾವಣಿಯಾಚೆ, ಸ್ವಲ್ಪ ದೂರದ ಕೆಸರು ನೆಲಕ್ಕೆ ಅದರ ಮುಖ ತಿರುಗಿತು. ತುದಿ ಮಣ್ಣಿಗೆ ತಾಗದಂತೆ ನೋಡಿಕೊಂಡೆ, ಮಣ್ಣು ಹೊಕ್ಕರೆ ನಳಿಗೆಯೇ ಸೀಳುತ್ತದೆ.

"ಅಲ್ಲಾಡ್ಬೇಡಿ. ಉಸಿರಾಡಿ, ಅಲ್ಲಾಡ್ಬೇಡಿ."

"ಅವರು ಹೊರಗಿದ್ದಾರಾ?" ಡಾಕ್ಟರು ಕೇಳಿದರು.

"ನನಗೇನು ಗೊತ್ತು!" ಎಂದು ಕಿರುಚಿದೆ.

ಸೆಕ್ರೆಟರಿ ಹಿಂದೆ ನಿಂತು ವಾಕಿಟಾಕಿಯಲ್ಲಿ "ಬಿಡಣ್ಣ, ಬಿಡಣ್ಣ" ಎಂದು ಕರೆಯುತ್ತಲೇ ಇದ್ದರು. ಮೈಕಿನಲ್ಲಿ ಬರೀ ಗೊರಗೊರ. ಆಮೇಲೆ ಅದೂ ನಿಂತಿತು.

ಸಾಕಷ್ಟು ಕಾದ ಮೇಲೆ, ಮುಖ ಪಕ್ಕಕ್ಕೆ ತಿರುಗಿಸಿ ಬೋಲ್ಟ್ ತೆರೆಸಿದೆ. ತೋಟಾ ಚಾಪೆಯ ಮೇಲೆ ಬಿತ್ತು. ಅದರ ಹಿತ್ತಾಳೆಯ ಬುಡದಲ್ಲಿ ಸಣ್ಣ ತಗ್ಗು. ಪಿನ್ನು ಹೊಡೆದ ಗುರುತು. ಮುಚ್ಚಿಡಿ ಎಂದು ನಾನು ಬೈದಿದ್ದ ಪೆಟ್ಟಿಗೆಯಿಂದ ಬಂದ ಒದ್ದೆ ತೋಟಾ. ಮುಚ್ಚದೇ ಇದ್ದದ್ದೇ ಒಳ್ಳೆಯದಾಯಿತು ಎಂದು ಯಾರಿಗೆ ಪಾಠ ಹೇಳಲಿ? ಮುಷ್ಟಿಯಲ್ಲಿ ಹಿಡಿದುಕೊಂಡೆ.

ಆಗಲೂ ಓಡುವ ಹಾಗಿರಲಿಲ್ಲ. ಎಲ್ಲ ರೈಫಲ್ಲೂ ಖಾಲಿಯಾಗದೆ ಯಾರೂ ಸಾಲು ದಾಟಬಾರದು. ಒಂದೊಂದೇ ಚಾಪೆಯ ಪಕ್ಕ ಬಗ್ಗಿದೆ. ತೆರೆದ ಬೋಲ್ಟಿನೊಳಗೆ ಬೆರಳು ಹಾಕಿ ನೋಡಿದೆ, ಖಾಲಿ ಎಂದು ತೋರಿಸುವ ಹಳದಿ ಪಟ್ಟಿ ಸಿಕ್ಕಿಸಿದೆ, ಅವರನ್ನು ಎಬ್ಬಿಸಿ ಹಿಂದಕ್ಕೆ ಕಳಿಸಿದೆ. ಮೂರನೇ ಚಾಪೆಯ ಹೆಂಗಸು "ಅಕ್ಕ, ನೀವು ಹೋಗಿ, ನಾವು ನೋಡ್ಕೋತೀವಿ" ಎಂದಳು. ಅವಳಿಗೂ ಬೈದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಹಲ್ಲು ಕಚ್ಚಿಕೊಂಡು ಎಂಟನ್ನೂ ಮುಗಿಸಿದೆ.

ಆಮೇಲೆ ಪಕ್ಕದ ಏರಿಯ ಮೇಲೆ ಓಡಿದೆ. ಕಾಲು ಜಾರುತ್ತಿತ್ತು, ರೀ, ರೀ ಎಂದು ಕೂಗುತ್ತಿದ್ದೆ, ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಬಾವುಟದ ಕಂಬ ಕಾಣಿಸಿತು. ಬಾವುಟ ಮೇಲೇ ಇತ್ತು. ನೆನೆದು ಮುದ್ದೆಯಾಗಿ ಕಂಬಕ್ಕೆ ಅಂಟಿಕೊಂಡಿತ್ತು.

ಅದರ ಆಚೆಯಿಂದ ಎರಡು ಆಕೃತಿಗಳು ಬಂದವು. ಮುಂದೆ ಒಂದು ಕೊಡೆ.

ದರ್ಜಿ ನನ್ನನ್ನು ನೋಡಿ ನಾಚಿಕೊಂಡು, ಕೊಡೆಯನ್ನು ಇನ್ನಷ್ಟು ತಗ್ಗಿಸಿ, ಪಕ್ಕದಿಂದ ಸರಸರ ನಡೆದುಹೋದರು. ಹಿಂದೆ ಇವರು ಎದೆಯ ತನಕ ಕೆಸರು ಮೆತ್ತಿಕೊಂಡು ಬಂದರು.

"ಯಾಕೆ ಓಡಿ ಬಂದೆ? ಜಾರಿ ಬೀಳ್ತೀಯ," ಎಂದರು. "ಪಂಪು ಕೆಟ್ಟೋಯ್ತು ಕಣೆ. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಸೊಂಟದ ತನಕ ನೀರು. ಬಾವುಟ ಏರ್ಸಿ ಮೇಲೆ ಬಂದ್ವಿ. ನಿನಗೆ ಹೇಳೋಣ ಅಂತ ವಾಕಿಟಾಕಿ ಗುಂಡಿ ಒತ್ತಿದ್ದೆ, ಅಷ್ಟರಲ್ಲಿ ಈ ಮಹಾನುಭಾವರು ತೇಪೆ ಹಾಕಿದ ಕೊಡೆ ಮರೆತೆ ಅಂತ ಮತ್ತೆ ಇಳಿದ್ರು. ಕೊಡೆ ಬಿಡಿ, ಬಿಡಿ ಅಂತ ಕೂಗಿ ಕೂಗಿ ಗಂಟಲು ಹೋಯ್ತು. ಕೊನೆಗೆ ಗೋಡೆ ಮೇಲೆ ನಿಂತು ಅವರನ್ನ ಮೇಲಕ್ಕೆ ಎಳೆದು ಹಾಕಿದೆ. ವಾಕಿಟಾಕಿ ನೀರಿಗೆ ಬಿತ್ತು. ಸೆಕ್ರೆಟರಿ ಬೈತಾರೆ, ಹೋಗ್ಲಿ..."

"ಗೋಡೆ ಮೇಲೆ ಎಲ್ಲಿ?"

"ಏಣಿ ಹತ್ರ. ಎಂಟನೇ ಹಲಗೆ ಮುಂದೆ. ಯಾಕೆ?"

ಮುಷ್ಟಿ ಬಿಚ್ಚಿದೆ. ಇವರು ತೋಟಾವನ್ನು ಎತ್ತಿ ತಿರುಗಿಸಿ ನೋಡಿದರು. ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿದರು. ಅದರ ಅರ್ಥ ಇವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಯಾರದು?"

"ಎಂಟನೇ ಚಾಪೆ."

ಮುಖದ ಮೇಲೆ ಮಳೆ ಇಳಿಯುತ್ತಿತ್ತು, ಇವರು ಒರೆಸಿಕೊಳ್ಳಲೂ ಇಲ್ಲ. ಆಮೇಲೆ ತುಂಬ ಮೆತ್ತಗೆ ಹೇಳಿದರು:

"ನೀವು... ನೀವು ಪೂರ್ತಿ ನೆನೆದಿದ್ದೀರಿ. ಬನ್ನಿ, ಒಳಗೆ ಹೋಗೋಣ."

ನಾನು ಹಿಂತಿರುಗಿ ನೋಡಿದೆ. ದರ್ಜಿ ಆಗಲೇ ದೂರ ಹೋಗಿದ್ದರು. ಅದು ನನಗೇ ಹೇಳಿದ ಮಾತು. ಯಾರೋ ಗುರುತಿಲ್ಲದವರು ಮಾತಾಡಿಸಿದ ಹಾಗಿತ್ತು. ಎಂಟನೇ ಚಾಪೆಯ ಪಕ್ಕದಲ್ಲಿ ಬಿದ್ದಿದ್ದಾಗಲೂ ನನಗೆ ಅಷ್ಟು ಭಯ ಆಗಿರಲಿಲ್ಲ. ಇವರ ಒದ್ದೆ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ರೀ, ಬಿಡು ಅನ್ನಿ."

ಇವರು ನನ್ನ ಮುಖ ನೋಡಿದರು.

"ಒಂದ್ಸಲ ಅನ್ರೀ. ಹೋಗ್ಲಿ ಬಿಡು ಅನ್ನಿ."

ಬಾಯಿ ತೆರೆದರು. ಮಾತು ಹೊರಡಲಿಲ್ಲ. ನಾನು ಅಂಗಿಯನ್ನು ಇನ್ನೂ ಬಿಗಿಯಾಗಿ ಹಿಡಿದೆ. ಚಾವಣಿಯ ಕೆಳಗಿಂದ ಎಲ್ಲರೂ ನೋಡುತ್ತಿದ್ದರು. ಆ ಒಂದು ಏಕವಚನ ಇವರ ಬಾಯಿಂದ ಬರುವ ತನಕ ನಾನು ಅಲ್ಲಿಂದ ಕದಲಲಿಲ್ಲ.